ನಾಲ್ಕನೆಯ ಕೈ

ರಾಚ್‌ಡೇಲಿನ ಚರ್ಚ್ ಹಾಲಿನಲ್ಲಿ, ಚಹಾ ಕುದಿಯುವ ಮೂಲೆಯ ಮೇಜಿನ ಮೇಲೆ
ಎನಿಡ್ ಆಶ್‌ವರ್ತ್ ಹರಡಿದ್ದಳು ಗಂಡನ ಎಂಜಿನುಗಳನ್ನು,
ಒಂದೊಂದಕ್ಕೂ ಒಂದೊಂದು ಕಾಲುಚೀಲ ತೊಡಿಸಿ.
ಇದಕ್ಕೆಷ್ಟು? ಅಂದೆ.
ಹನ್ನೆರಡು ಪೌಂಡು. ಕಾಲುಚೀಲ ವಾಪಸು ಕೊಡಬೇಕು.

ಎರಡೂವರೆ ಸಿಸಿ ಡೀಸೆಲ್, ಮುಷ್ಟಿಯಲ್ಲಿ ಅಡಗುವಷ್ಟು.
ಒಳಗೆ ಹರಳೆಣ್ಣೆ ಸುಟ್ಟು ಸುಟ್ಟು
ಬೆಲ್ಲದ ಪಾಕದ ಹಾಗೆ ಬಿಗಿದು
ಪಿಸ್ಟನ್ನನ್ನು ಹಿಡಿದುಕೊಂಡಿತ್ತು.
ಮೂಸಿದರೆ ಈಥರ್, ಸೀಮೆಎಣ್ಣೆ,
ಯಾರದೋ ಭಾನುವಾರ.

ಬಲವಂತ ಕೂಡದು. ಬಲವಂತಕ್ಕೆ ರಾಡು ಮುರಿಯುತ್ತದೆ.
ಶೆಡ್ಡಿನ ಕಿಟಕಿ ತೆರೆದು, ಅಡಿಗೆಗೆ ಬಾರದ ಪಾತ್ರೆಯಲ್ಲಿ
ಬಸ್ಸಿನ ರೇಡಿಯೇಟರಿಗೆ ಹಾಕುವ ಹಸಿರು ನೀರು ಹೊಯ್ದು
ಸಣ್ಣ ಉರಿಯಲ್ಲಿ ಒಂದು ರಾತ್ರಿ ಇಟ್ಟೆ.
ಬೆಳಗ್ಗೆ ಪ್ರೊಪೆಲರಿಗೆ ಬೆರಳು ತಾಗಿಸಿದರೆ
ಅರ್ಧ ಸುತ್ತು ಬಂದು ನಿಂತಿತು,
ಬಾಕಿ ಅರ್ಧ ನಿನ್ನ ಪಾಲು ಎಂಬಂತೆ.

ಹಿಂಬದಿಯ ಮುಚ್ಚಳ ಬಿಚ್ಚಿದಾಗ, ಒಳಮೈಯಲ್ಲಿ
ಸೂಜಿಯಿಂದ ಗೀಚಿದ ಮೂರು ಜನರ ಮೊದಲಕ್ಷರ, ಮೂರು ಕೈಬರಹ.
ಕೊನೆಯದಷ್ಟೇ ಎನಿಡಳ ಗಂಡನದು.
ಸೆಕೆಂಡ್‌ಹ್ಯಾಂಡ್ ಎಂದು ಚೀಟಿ ಅಂಟಿಸಿದ್ದು ಸುಳ್ಳು.
ನನ್ನದು ನಾಲ್ಕನೆಯ ಕೈ.

ಅಷ್ಟರಲ್ಲಿ ಕೌನ್ಸಿಲ್ಲಿನ ಪತ್ರ.
ಮೈದಾನದಾಚೆ ಹತ್ತಿ ಗಿರಣಿ ಕೆಡವಿದ ಜಾಗದಲ್ಲಿ ಹೊಸ ಮನೆಗಳೆದ್ದಿವೆ.
ಸಾವಿರ ಮಗ್ಗ ಬಡಿಯುತ್ತಿದ್ದಾಗ ಯಾರೂ ಬರೆಯದ ದೂರನ್ನು
ಈ ಅಂಗೈಯಗಲದ್ದರ ಮೇಲೆ ಬರೆದಿದ್ದಾರೆ:
ಸೈಲೆನ್ಸರ್ ಇಲ್ಲದೆ ಹಾರಿಸಕೂಡದು.

ಇದು ಹುಟ್ಟಿದ ಕಾಲಕ್ಕೆ ಅದೇ ಹುಟ್ಟಿರಲಿಲ್ಲ.
ಬಾಯಿ ಉಂಟು, ಬಾಯಿಗೆ ಕೈ ಅಡ್ಡ ಹಿಡಿಯಲು ಜಾಗವಿಲ್ಲ.
ಡಿಪೋದ ನದೀಮ್ ಒಂದು ಸೈಲೆನ್ಸರ್ ತಂದ,
ಬ್ರಾಡ್‌ಫರ್ಡಿನ ಯಾರದೋ ಗ್ಯಾರೇಜಿನದು,
ಬೇರೆ ಎಂಜಿನ್ನಿಗೆ ಎರಕ ಹೊಯ್ದದ್ದು.
ಸಿಲಿಂಡರಿಗೆ ಪಟ್ಟಿ ಸುತ್ತಿ ನೋಡಿದರೆ
ತೂತು ಒಂದೂವರೆ ಮಿಲಿಮೀಟರ್ ಆಚೆ.
ಅರ ಹಿಡಿದು ಉಜ್ಜಿ ದುಂಡು ತೂತನ್ನು ಬಾದಾಮಿ ಮಾಡಿದೆವು,
ಸಂದಿಗೆ ಟೊಮೇಟೊ ಡಬ್ಬಿಯ ತಗಡು ಕತ್ತರಿಸಿ ತುರುಕಿದೆವು.
ಎರಡನೇ ಮದುವೆ, ಅಂದ ನದೀಮ್.
ನನ್ನದೂ ಅದೇ, ಅಂದೆ,
ಸ್ವಲ್ಪ ಸೋರುತ್ತೆ, ಅಷ್ಟೆ.

ಮೂಗಿಗೆ ಮೂವತ್ತೆಂಟು ಗ್ರಾಂ ಹೆಚ್ಚಾಯಿತು.
ಬಾಲಕ್ಕೆ ಗಾಳದ ಸೀಸದ ಗುಂಡು ಅಂಟಿಸಿ
ಎರಡು ಬೆರಳ ಮೇಲೆ ತೂಗಿ ನೋಡಿದೆವು. ಸಾಕು.

ಹಿಡಿಯನ್ನು ಕ್ಲಿಫರ್ಡ್ ಎಂಟ್‌ವಿಸಲನ ಕೈಗೆ ಕೊಟ್ಟೆ.
ಎಂಬತ್ತೊಂದು ವರ್ಷ. ಹದಿನೈದಕ್ಕೇ ಗಿರಣಿ ಸೇರಿ ಕಿವಿ ಕೊಟ್ಟವನು.
ಮಗ್ಗದ ಗದ್ದಲದಲ್ಲಿ ನೇಕಾರರು ಆಡುತ್ತಿದ್ದ ಹಾಗೆ
ಈಗಲೂ ದನಿಯಿಲ್ಲದೆ ತುಟಿಯಲ್ಲೇ ಆಡುತ್ತಾನೆ.
ಐವತ್ತೆರಡು ಅಡಿ, ಎರಡು ಉಕ್ಕಿನ ಎಳೆ.
ಎಳೆಯ ಸಂಗತಿ ಅವನಿಗೆ ಹೇಳಿಕೊಡಬೇಕೆ?

ವಿಮಾನ ಎದ್ದಿತು. ಲಾಳಿಯೊಂದು
ಹೊಕ್ಕು ಮರೆತು ಸುಮ್ಮನೆ ಸುತ್ತುವ ಹಾಗೆ.
ಎಂಟನೇ ಸುತ್ತಿಗೆ ಹುಬ್ಬು ಗಂಟಿಕ್ಕಿ
ತುಟಿ ಅಲ್ಲಾಡಿಸಿದ: ಇದಕ್ಕೆ ನೆಗಡಿ.

ನಮ್ಮ ನಾಲ್ಕು ಕಿವಿಗೂ ಎಲ್ಲ ಸರಿಯಿತ್ತು.
ಅವನ ಕೈಗೆ ಗೊತ್ತಾಗಿತ್ತು.
ಎಳೆ ಸಡಿಲ. ಹೊಗೆ ಹೊರದಾರಿ ಕಾಣದೆ
ಎದೆಯಲ್ಲೇ ಕೂತಿದೆ.

ಇಳಿಸಿ, ಸೈಲೆನ್ಸರಿನ ಬಾಲದ ತೂತನ್ನು
ಅರ್ಧ ಮಿಲಿ ಹಿಗ್ಗಿಸಿ, ಕಂಪ್ರೆಶನ್ ಸ್ಕ್ರೂ ಕಾಲು ತಿರುವು ಸಡಿಲಿಸಿ
ಮತ್ತೆ ಬೆರಳೇಟು. ಉಗುರು ಹಾರಿತು. ಎಂಜಿನ್ ಹಿಡಿಯಿತು.
ಈ ಸಲ ಕ್ಲಿಫರ್ಡನ ಭುಜ ಎಳೆಗೆ ಒಲಿದು ಹಿಂದಕ್ಕೆ ಬಾಗಿತು,
ತುಟಿ ಏನನ್ನೂ ಹೇಳಲಿಲ್ಲ.
ಹೊಸ ಮನೆಯೊಂದರ ಬಾಲ್ಕನಿಯಲ್ಲಿ ಒಬ್ಬಳು
ಬಟ್ಟೆ ಹರವುತ್ತಿದ್ದಳು. ತಲೆಯೆತ್ತಿ ನೋಡಲಿಲ್ಲ.
ಗೆದ್ದೆವೋ ಸೋತೆವೋ ತಿಳಿಯಲಿಲ್ಲ.

ಮುಚ್ಚಳದ ಒಳಗೆ ನನ್ನ ಅಕ್ಷರ ಇನ್ನೂ ಗೀಚಿಲ್ಲ.
ಕಾಲುಚೀಲ ಮೂರು ಸಲ ಒಗೆದೆ. ಎಣ್ಣೆ ಕಲೆ ಹೋಗದು.
ಹಾಗೇ ಒಯ್ದುಕೊಟ್ಟೆ.
ಎನಿಡ್ ಬೆಳಕಿಗೆ ಹಿಡಿದು ನೋಡಿದಳು, ಮಡಚಿದಳು.
ಇದರ ಜೋಡಿ ಬರ್ನ್‌ಲಿಯವನ ಹತ್ತಿರ ಇದೆ, ಅಂದಳು,
ಅವನಿನ್ನೂ ತಂದುಕೊಟ್ಟಿಲ್ಲ.