ಸೂರಿನ ಗೊಂಪು

ಈ ಊರಿನ ಹೆಸರು ಸೂರ್.
ಸೂರಿನಿಂದ ಇಳಿಯಲು ಇಲ್ಲಿ ಒಂದು ಹನಿ ನೀರಿಲ್ಲ.
ಮಾಡುಗಳೆಲ್ಲ ಚಪ್ಪಟೆ; ಮೇಲೊಂದು ಟಾಂಕಿ,
ಟಾಂಕಿಯೊಳಗೆ ಉಪ್ಪು ಕಳೆದುಕೊಂಡ ಕಡಲು.
ಆ ನೀರಿಗೆ ಕೂದಲು ನಿಲ್ಲುವುದಿಲ್ಲ ಎನ್ನುತ್ತಾರೆ.
ನನ್ನ ಜಡೆಯ ಮಾತು ಬೇಡ.

ಜುಲೈಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಬೇಯುತ್ತದೆ.
ಗೀಸರಿನ ಸ್ವಿಚ್ಚು ಆರಿಸಿಟ್ಟು
ಬಿಸಿನೀರಿನ ನಲ್ಲಿಯಿಂದ ತಣ್ಣೀರು ಹಿಡಿಯುವ ವಿದ್ಯೆ
ನನಗೆ ಕಲಿಸಿದವಳು ಲಂಕೆಯ ಕುಸುಮಾವತಿ,
ಹೋದ ವರ್ಷ ಲೆಕ್ಕ ಚುಕ್ತಾ ಮಾಡಿಕೊಂಡು ಹೋದಳು.

ಎಣ್ಣೆಯದ್ದು ಇನ್ನೊಂದು ಕತೆ.
ಹೊರಗೆ ನಲವತ್ತೇಳು ಡಿಗ್ರಿ.
ಒಳಗೆ, ಏಸಿಯ ಕೆಳಗೆ, ಬಾಟಲಿಯಲ್ಲಿ
ತೆಂಗಿನೆಣ್ಣೆ ಬೆಳ್ಳಗೆ ಗಡ್ಡೆ.
ಕಿಟಕಿಯಾಚೆ ಇಟ್ಟರೆ
ಒಂದು ಲೋಟ ಚಾ ಮುಗಿಯುವಷ್ಟರಲ್ಲಿ ನೀರು.

ಝುವೈನಾ ಅಜ್ಜಿಯ ತಲೆ ಮೀಸುವುದು ನನ್ನ ಕೆಲಸ, ಗುರುವಾರಕ್ಕೊಮ್ಮೆ.
ನನ್ನ ಹೆಸರು ಗುಲಾಬಿ. ಬಂದ ದಿನವೇ
ತನ್ನ ಭಾಷೆಗೆ ಕಿತ್ತು ನೆಟ್ಟುಕೊಂಡಳು: ವರ್ದಾ.
ಮಗಳು ಮಸ್ಕತ್ತಿನ ಮಾಲಿನಿಂದ ತಂದ ಶಾಂಪೂಗಳು
ಕಪಾಟಿನಲ್ಲಿ ಸಾಲಾಗಿ ನಿಂತಿವೆ. ಹಚ್ಚಲು ಹೋದರೆ,
"ನನ್ನ ತಲೆಯೇನು ನಿಮ್ಮ ಕಾರೇ?"

ಈ ಸಲ ರಜೆ ಮುಗಿಸಿ ಬರುವಾಗ
ಗಂಗೊಳ್ಳಿಯಿಂದ ಎರಡು ಸೇರು ಅಂಟುವಾಳ ತಂದೆ.
ಕಸ್ಟಮ್ಸಿನ ಹುಡುಗ ಚೀಲ ಅಲ್ಲಾಡಿಸಿದ. ಗಡಗಡ ಸದ್ದು.
ಎಂತದಿದು?
ಅರಬಿ ನನಗೆ ಅಡುಗೆಮನೆಯಷ್ಟೇ ಬರುತ್ತದೆ.
ಸಾಬೂನು, ಎಂದೆ.
ಸಾಬೂನ್, ಎಂದ ಅವನೂ.
ಇಬ್ಬರಿಗೂ ಸ್ವಲ್ಪ ನಗು ಬಂತು. ಬಿಟ್ಟ.

ಬೀಜ ತೆಗೆದು, ಸಿಪ್ಪೆ ರಾತ್ರಿಯಿಡೀ ನೆನೆಹಾಕಿ,
ಬೆಳಿಗ್ಗೆ ಸಣ್ಣ ಉರಿಯಲ್ಲಿ ಕುದಿಸಿ ಕಿವುಚಿದೆ.
ಗೊಂಪಿಗೆ ದಾಸವಾಳದ ಸೊಪ್ಪು ಬೇಕಲ್ಲ,
ಶಾಲೆಯ ಬೇಲಿಯಲ್ಲಿತ್ತು, ಕದ್ದೆ.
ಅಜ್ಜಿ ತನ್ನ ಡಬ್ಬಿ ತೆರೆದಳು: ಸಿದ್ರ್, ಹಸಿರು ಪುಡಿ.
ಯಾವ ಗಿಡ ಎಂದರೆ ಅಂಗಳಕ್ಕೆ ಬೆರಳು ತೋರಿಸಿದಳು.
ಅರೆ, ನಮ್ಮ ಬೋರೆ!
ಮುಳ್ಳು ಕೂಡ ಅದೇ.

ಎಲ್ಲ ಕಲಸಿ ಕೊನೆಗೆ ತೆಂಗಿನೆಣ್ಣೆ ಹೊಯ್ದೆ.
ಒಡೆಯಿತು.
ಎಣ್ಣೆ ಮೇಲೆ, ನೀರು ಕೆಳಗೆ,
ಒಂದೇ ಒಲೆಯ ಮುಂದೆ ಮಾತು ಬಿಟ್ಟ ವಾರಗಿತ್ತಿಯರ ಹಾಗೆ.
ಎಣ್ಣೆ ಮೊದಲು ತಲೆಗೆ, ಗೊಂಪು ಆಮೇಲೆ:
ಅಬ್ಬಿ ಹೇಳಿಕೊಟ್ಟದ್ದೇ ಹಾಗೆ.
ಎಲ್ಲ ಒಂದೇ ಬಾಟಲಿಯಲ್ಲಿ ಇರಲಿ ಎಂದು ಆಸೆಪಟ್ಟವಳು ನಾನು.

ಕುರ್ಚಿಯಲ್ಲಿ ಕೂರಿಸಿ ಹೆಗಲಿಗೆ ಟವೆಲು ಹೊದೆಸಿದೆ.
ಗೋರಂಟಿ ಅರ್ಧ ಇಳಿದ ಕೂದಲು,
ಒಟ್ಟು ಹಿಡಿದರೂ ನನ್ನ ಕಿರುಬೆರಳಿನ ದಪ್ಪ.
ನೊರೆ ಬರಲಿಲ್ಲ. ಬಂದದ್ದು ಜಾರು,
ಈಗಷ್ಟೇ ಬಲೆಯಿಂದ ಬಿಡಿಸಿದ ಮೀನಿನ ಮೈಯ ಜಾರು.
ನಾರ್ಜೀಲ್, ಎಂದಳು, ಮೂಗರಳಿಸಿ.
ಆಮೇಲೆ, ಕಣ್ಣು ಮುಚ್ಚಿಯೇ:
ಅಪ್ಪನ ಹಡಗು ಬರುತ್ತಿತ್ತು ನಿಮ್ಮ ಮಂಗಳೂರಿನಿಂದ.
ಹೆಂಚು, ಹುರಿಹಗ್ಗ, ಡಬ್ಬಿಗಟ್ಟಲೆ ಇದೇ ವಾಸನೆ.
ಪಟ ಕಾಣುವ ಮೊದಲೇ ಗಾಳಿ ಹೇಳುತ್ತಿತ್ತು.

ಅಷ್ಟು ದೂರಕ್ಕೆ ವಾಸನೆ ಬರುತ್ತದೆಯೇ?
ನಾನು ಕೇಳಲಿಲ್ಲ. ತಿಕ್ಕುತ್ತಿದ್ದೆ.

ಎರಡನೇ ಚೊಂಬಿಗೆ, ಸಾರಿಗೆ ಉಪ್ಪು ಸಾಲದು ಎನ್ನುವ
ಅದೇ ದನಿಯಲ್ಲಿ ಹೇಳಿದಳು:
ಈ ಸಿದ್ರ್ ಇದೆಯಲ್ಲ, ಕಡೆಯ ಸ್ನಾನಕ್ಕೂ ಇದನ್ನೇ ಕಲಸುತ್ತಾರೆ.
ಆದರೆ ಅವತ್ತು ಎಣ್ಣೆ ಯಾರು ಹಚ್ಚುತ್ತಾರೆ, ವರ್ದಾ?
ಮುಂದಿನ ವಾರ ಇನ್ನಷ್ಟು ಸುರಿ.
ಜಿಪುಣತನ ಬೇಡ.

ಈಗಲೇ, ಎಂದು ಕೋಣೆಗೆ ಹೋದೆ.
ಬಾಟಲಿ ಮತ್ತೆ ಹೆಪ್ಪುಗಟ್ಟಿತ್ತು.
ಕಿಟಕಿಯವರೆಗೆ ಹೋಗಲಿಲ್ಲ,
ಎರಡು ಅಂಗೈಗಳ ನಡುವೆ ಹಿಡಿದುಕೊಂಡು ನಿಂತೆ.

ಸಂಜೆ ಬಚ್ಚಲು ತೊಳೆದೆ. ಜಾಲರಿಯಲ್ಲಿ ಸಿಕ್ಕ ಕೂದಲಲ್ಲಿ
ಅವಳವು ನಾಲ್ಕೇ ನಾಲ್ಕು, ಗೋರಂಟಿ ಕೆಂಪು.
ಕರಿಯದೆಲ್ಲ ನನ್ನದು.