ಲೊಡಲೊಡ

ಫಾರಮ್ಮಿನಲ್ಲಿ ಒಂದೇ ಗೆರೆ ಜಾಗ: ತೊಂದರೆ ಏನು?
ನಾಯ್ಸ್ ಎಂದು ಬರೆದೆ.
ಆ ಭಾಷೆಯಲ್ಲಿ ನನ್ನ ಬಳಿ ಇದ್ದದ್ದು ಅದೊಂದೇ,
ಎಲ್ಲ ಸದ್ದಿಗೂ ಅದೇ ಚೀಲ.

ಬಲ್ಲರಾಟಿನ ಜುಲೈ. ಬೆಳಗಿನ ಆರೂವರೆಗೆ
ಗಾಜಿಗೆ ಕಟ್ಟಿದ ಹಿಮವನ್ನು ಹಳೇ ಲೈಬ್ರರಿ ಕಾರ್ಡಿನಲ್ಲಿ ಕೆರೆದು
ಮುದುಕರ ಮನೆಗಳಿಗೆ ಹೊರಡುತ್ತೇನೆ.
ಒಬ್ಬರಿಗೆ ಸ್ನಾನ, ಒಬ್ಬರಿಗೆ ಮಾತ್ರೆ,
ಒಬ್ಬರಿಗೆ ಬರೀ ಮಾತು.
ಕಾರು ನಿಂತರೆ ಒಂಬತ್ತು ಮನೆ ನಿಂತ ಹಾಗೆ.

ಲಯಲ್ ಪ್ರಿಚರ್ಡ್ ಒಳ್ಳೆಯವನೋ ಅಲ್ಲವೋ
ಈಗಲೂ ಹೇಳಲಾರೆ.
ಸೆಬಾಸ್ಟೊಪೋಲಿನ ಕೊನೆಗೆ ಅವನ ಶೆಡ್ಡು,
ಎರಡು ಲಿಫ್ಟು, ಮೂರು ಕಾಲಿನ ನಾಯಿ.
ಮುಂದಿನ ಎಡಗಡೆ ಲಿಂಕು ಸವೆದಿದೆ ಎಂದ, ಹೊಸದು ಹಾಕಿದ,
ಆರುನೂರ ನಲವತ್ತು ಡಾಲರು ಎಣಿಸಿಕೊಂಡ.
ಮಾರನೆಯ ದಿನ ರೈಲು ಹಳಿ ದಾಟುವಾಗ
ಮತ್ತೆ ಅದೇ.

ಪಕ್ಕದಲ್ಲಿ ಕೂರಿಸಿಕೊಂಡು ಹೋದರೆ ಸದ್ದೇ ಇಲ್ಲ.
ವಾರವೆಲ್ಲ ನರಳಿ, ಡಾಕ್ಟರು ಬಂದೊಡನೆ
ಲಿಪ್‌ಸ್ಟಿಕ್ ಹಚ್ಚಿ ಎದ್ದು ಕೂರುವ
ನನ್ನ ಮಿಸೆಸ್ ಹಾರ್ಗನ್ ಹಾಗೆ
ಕಾರು ನೆಟ್ಟಗೆ ನಡೆಯಿತು.
ದೋಷ ಕಂಡುಬಂದಿಲ್ಲ ಎಂದು ಬರೆದ ಲಯಲ್,
ಕೆಳಗೆ ತೊಂಬತ್ತೈದು.

ಆಗದ ಕೆಲಸಕ್ಕೆ ಯಾಕೆ ದುಡ್ಡು? ನಾನು.
ಹೋದ ಹೊತ್ತು ನನ್ನದಲ್ಲವಾ? ಅವನು.
ಈ ಮಾತಿಗೆ ಉತ್ತರ ಬರಲಿಲ್ಲ ನನಗೆ.
ಒಂದು ಮನೆಯಿಂದ ಇನ್ನೊಂದಕ್ಕೆ ಓಡುವ ಹೊತ್ತಿಗೆ
ನನಗೂ ಯಾರೂ ಕಾಸು ಕೊಡುವುದಿಲ್ಲ.
ಉತ್ತರ ಬರದ್ದಕ್ಕೇ ಸಿಟ್ಟು ಏರಿತು.
ಗಡಗಡನಾ? ಕಿರ್ರಾ? ಟಣ್ಣಾ? ಯಾವುದೂ ಅಲ್ಲವೋ ಮಾರಾಯಾ,
ಲೊಡಲೊಡ! ಲೊಡಲೊಡ! ಲೊಡಲೊಡ!
ಕೌಂಟರಿಗೆ ಬಡಿದು ಕೂಗಿದೆ.
ನಾಯಿ ಎದ್ದು ಹೊರಗೆ ಹೋಯಿತು.

ಕಾರಿನಡಿಯಿಂದ ತಲೆ ಹಾಕಿದ ಕೆಲಸ ಕಲಿಯುವ ಹುಡುಗ, ಟೇಟ್.
ಇನ್ನೊಂದು ಸಲ ಹೇಳಿ, ಎಂದ.
ಹೇಳಿದೆ, ಈಗ ಮೆಲ್ಲಗೆ, ನಾಚಿಕೆಯಿಂದ.
ಸ್ಪ್ಯಾನರುಗಳ ಟ್ರೇ ಅಲ್ಲಾಡಿಸಿದ. ಅಲ್ಲ.
ಕೀಲಿಗೊಂಚಲು. ಅಲ್ಲ ಕಣೋ.
ಖಾಲಿ ಗ್ರೀಸ್ ಡಬ್ಬಿಗೆ ಒಂದೇ ಒಂದು ನಟ್ಟು ಹಾಕಿ ಕುಲುಕಿದ.

ತಿಪಟೂರಿನ ಮಂಡಿಯಲ್ಲಿ ನಿಂತಿದ್ದೆ ಒಂದು ಗಳಿಗೆ.
ಅಪ್ಪ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾನೆ,
ಚಿಪ್ಪಿನೊಳಗೆ ಗಿಟಕು ಲೊಡಲೊಡ ಎಂದರೆ ಕೊಬ್ಬರಿ ಆಗಿದೆ ಎಂದು.
ದಲ್ಲಾಳಿ ಅದೇ ಕಾಯನ್ನು ಅಲ್ಲಾಡಿಸಿ
ಇನ್ನೂ ಹಸಿ, ಎನ್ನುತ್ತಾನೆ.

ಅದೇ, ಅಂದೆ.
ಟೇಟ್ ಮುಂದಕ್ಕೆ ಹೋಗಲಿಲ್ಲ, ಡಿಕ್ಕಿ ತೆರೆದ.
ಹಿಂದಿನ ಬಲಗಡೆ ಶಾಕಿನ ತಲೆಯ ನಟ್ಟು,
ಬೆರಳಲ್ಲೇ ತಿರುಗುವಷ್ಟು ಸಡಿಲ.

ಲಯಲ್ ಒಂದು ನಿಮಿಷ ಕೈ ಒರೆಸುತ್ತಲೇ ಇದ್ದ.
ಲಿಂಕೂ ಹೋಗಿತ್ತು, ಎಂದ.
ಇರಬಹುದು, ಎಂದೆ.
ತೊಂಬತ್ತೈದಕ್ಕೆ ಗೀಟು ಹಾಕಿದ.
ಆರುನೂರ ನಲವತ್ತರ ಕಡೆ ಅವನೂ ನೋಡಲಿಲ್ಲ,
ನಾನು ನೋಡಿದೆ, ನೋಡುತ್ತಲೇ ಇದ್ದೆ.
ಹಳೇ ಲಿಂಕು ಕೊಡು, ಎಂದೆ.
ಟೈರಿನ ಜಾಹೀರಾತಿನಲ್ಲಿ ಸುತ್ತಿ ಕೊಟ್ಟ, ಹಬ್ಬಕ್ಕೆ ಕೊಡುವ ಹಾಗೆ.

ಈಗ ಅದು ನಮ್ಮ ಅಡುಗೆಮನೆಯ ಕಿಟಕಿಯ ಕಟ್ಟೆ ಮೇಲೆ,
ಕರಿಬೇವಿನ ಕುಂಡದ ಪಕ್ಕ.
ರಾತ್ರಿ ಪಾತ್ರೆ ತೊಳೆದಾದ ಮೇಲೆ ಎತ್ತಿಕೊಳ್ಳುತ್ತೇನೆ,
ತುದಿಯ ಗುಂಡನ್ನು ಬೆರಳಲ್ಲಿ ಆಡಿಸುತ್ತೇನೆ.
ಸವೆದಿದೆ ಅನ್ನಿಸುತ್ತದೆ. ಇಲ್ಲ ಅನ್ನಿಸುತ್ತದೆ.
ಕಿವಿಗೆ ಹಿಡಿದು ಅಲ್ಲಾಡಿಸುತ್ತೇನೆ,
ಅಪ್ಪನ ಹಾಗೆ ಒಂದು ಸಲ,
ದಲ್ಲಾಳಿಯ ಹಾಗೆ ಇನ್ನೊಂದು ಸಲ.