ನೂರಕ್ಕೆ ನಾಲ್ಕು

ಟೋಕನ್ ನಂಬರು ಎಂಬತ್ತಾರು.
ಬರ್ಶಾದ ಈ ಕಚೇರಿಯಲ್ಲಿ ಎ.ಸಿ. ಎಷ್ಟು ಜೋರೆಂದರೆ
ಹೊರಗಿನ ಆಗಸ್ಟು ಯಾರೋ ಹೇಳಿದ ಸುಳ್ಳಿನಂತಿದೆ.
ಬ್ಯಾಗಿನಲ್ಲಿ ಚೆಕ್ಕು, ಪಾಸ್‌ಪೋರ್ಟು,
ಅರ್ಧ ತಿಂದ ಖುಬೂಸು.

ಕಪ್ಪು ಅಬಾಯಾದ ಹುಡುಗಿ, ಒಳ್ಳೆಯವಳೇ,
ಕಾಗದ ತೆರೆಯುವ ಮೊದಲೇ ಕೇಳಿದಳು,
ನನ್ನ ಪಕ್ಕ ಕೂತ ಲೆಬನಾನಿನ ಮುದುಕನತ್ತ ಪೆನ್ನು ತೋರಿಸಿ:
'ಮನೆ ಕೊಡುತ್ತಿರುವವರು ಗಂಡನೇ? ಹಾಗಿದ್ದರೆ ಉಡುಗೊರೆ.
ಶುಲ್ಕ ತೀರ ಕಡಿಮೆ, ನೂರಕ್ಕೆ
ಸೊನ್ನೆ ಚುಕ್ಕೆ ಒಂದು ಎರಡು ಐದು.'

ಅರೆಕಾಲು, ಅಂದಿತು ಒಳಗೊಂದು ದನಿ.
ಗದಗಿನ ಹತ್ತಿ ಅಡತಿಯಲ್ಲಿ ಲೆಕ್ಕ ಬರೆಯುತ್ತಿದ್ದ ಅಪ್ಪ
ಕಾಲು, ಅರೆಕಾಲು, ವೀಸ ಎಂದು
ತೊಡೆ ತಟ್ಟಿ ಬಾಯಿಪಾಠ ಮಾಡಿಸಿದ್ದು
ಇಷ್ಟು ವರ್ಷಕ್ಕೆ, ಇಲ್ಲಿ, ಉಪಯೋಗಕ್ಕೆ ಬಂತು.

'ಗಂಡ ಅಲ್ಲ. ಮಾರುವವರು.'
'ಹಾಗಾದರೆ ನಾಲ್ಕು.'

ನಿನ್ನೆ ರಾತ್ರಿ ಗುರುಕಾಂತ ಫೋನು ಮಾಡಿದ್ದ,
ಹನ್ನೊಂದು ತಿಂಗಳ ಮೇಲೆ, ನಯವಾಗಿ:
'ಹೊಸದು ಯಾಕೆ? ಹಳೇ ಫ್ಲ್ಯಾಟಿನ ನನ್ನ ಅರ್ಧ ನೀನೇ ಬರೆಸಿಕೊ,
ದುಡ್ಡು ಆಮೇಲೆ ಕೊಡು.
ಕೋರ್ಟಿನ ಕಾಗದ ಇನ್ನೂ ಬಂದಿಲ್ಲ.
ಕೌಂಟರಿನ ಮುಂದೆ ಹತ್ತು ನಿಮಿಷ ಗಂಡ ಹೆಂಡತಿಯಾಗಿ ಕೂತರೆ
ಎಷ್ಟು ಉಳಿಯುತ್ತೆ, ಲೆಕ್ಕ ಹಾಕು.'

ಹಾಕಿದೆ. ಲೆಕ್ಕದಲ್ಲಿ ಅವನು ಎಂದೂ ತಪ್ಪಿದವನಲ್ಲ,
ಉಪ್ಪಿಟ್ಟಿನ ಗೋಡಂಬಿಯನ್ನೂ ಎಣಿಸಿದವನು.
ಹಾಲು ಉಕ್ಕುತ್ತಿದೆ ಎಂದು ಫೋನಿಟ್ಟೆ.
ಒಲೆಯ ಮೇಲೆ ಹಾಲಿರಲಿಲ್ಲ.

ನಾಲ್ಕು ಲಕ್ಷ ಇಪ್ಪತ್ತು ಸಾವಿರ ದಿರ್ಹಮ್ಮಿಗೆ
ಹದಿನಾರು ಸಾವಿರದ ಎಂಟುನೂರು.
ಎಕ್ಸ್‌ರೇ ಕೋಣೆಯಲ್ಲಿ ಎರಡು ತಿಂಗಳು
'ಉಸಿರು ಹಿಡೀರಿ, ಹಿಡೀರಿ, ಬಿಡಿ' ಎಂದು
ಪರರ ಎಲುಬು ನೋಡಿ ಗಳಿಸಿದ್ದು.
ಮೇಲೆ ಕಚೇರಿಯ ಫೀ, ಅದರ ಮೇಲೆ ವ್ಯಾಟು,
ಹಕ್ಕುಪತ್ರಕ್ಕೆ ಇನ್ನೂರೈವತ್ತು.
ಊರಲ್ಲಿ ಅಕ್ಕ ಎಲ್ಲರಿಗೂ ಹೇಳುತ್ತಾಳೆ,
ದುಬೈನಲ್ಲಿ ಮನೆಗೆ ಕಂದಾಯವೇ ಇಲ್ಲವೆಂದು.
ಹೌದು ಅಕ್ಕಾ, ಕಂದಾಯ ಇಲ್ಲ.
ಶುಲ್ಕ ಇದೆ.

ಮುದುಕ ಬೀಗದ ಕೈ ಮೇಜಿನ ಮೇಲಿಟ್ಟು
'ಅಡುಗೆಮನೆಯ ಕಿಟಕಿ ತುಸು ಬಿಗಿ,
ಮೇಲಕ್ಕೆತ್ತಿ ತಳ್ಳಬೇಕು,' ಎಂದ.
ಇಷ್ಟೇ ಹೇಳಿದ. ನನಗೆ ಯಾಕೋ ಗಂಟಲು ಕಟ್ಟಿತು.

ಯಂತ್ರ ಕಾಗದ ಉಗುಳಿತು. ಬೆಚ್ಚಗಿತ್ತು.
ಮಾಲೀಕರು ಎಂಬಲ್ಲಿ ಒಂದೇ ಹೆಸರು,
ಪಾಲು ನೂರಕ್ಕೆ ನೂರು.
ಆ ಹೆಸರಿನ ಬಾಲಕ್ಕೆ ಮಾತ್ರ
ಗುರುಕಾಂತ ಇನ್ನೂ ಅಂಟಿಕೊಂಡಿದ್ದಾನೆ.
ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆಯಬೇಕಂತೆ.

ಬಿಡಿಸಲು ಎಷ್ಟಾಗುತ್ತೆ, ಕೇಳಿದೆ.
'ಅದು ಇಲ್ಲಲ್ಲ, ನಿಮ್ಮ ಕಾನ್ಸುಲೇಟಿನಲ್ಲಿ,' ಎಂದು
ಎಂಬತ್ತೇಳನ್ನು ಕರೆದಳು.